ಇಲ್ಲಿ ಸ್ವಲ್ಪ ಸುಮ್ಮನಿರಿ

ಮೇಲೂರು
15 ಜುಲೈ 2024

ಕವಿತ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಅಕ್ಕನದು ಎಂದು ನಿನಗೆ ಗೊತ್ತಾಗಿರುತ್ತದೆ. ನನಗೆ ನಿನ್ನ ಸುದ್ದಿ ಸಿಕ್ಕಿದ್ದೂ ಹಾಗೆಯೇ.

ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಮುರಳಿಮೋಹನ್ ಹೋದ ವಾರ ಮನೆಗೆ ಬಂದಿದ್ದ. ಚಿಂತಾಮಣಿಯಲ್ಲಿ ಒಂದು ಚಿತ್ರ ಬಳಗ ಇದೆಯಂತೆ. ಸಮಾನತೆಗಾಗಿ ಹೋರಾಡಿದವರ ಸಿನಿಮಾಗಳನ್ನು ತಿಂಗಳಿಗೊಂದರಂತೆ ಹಳ್ಳಿಗಳಿಗೆ ಕೊಡುತ್ತಾರಂತೆ. ಎಲ್ಲವೂ ಇಂಗ್ಲಿಷ್. ಪರದೆಯ ಕೆಳಗೆ ಓಡುವ ಅಕ್ಷರ ಓದುವಷ್ಟು ಕಣ್ಣು ನಮ್ಮ ವಯಸ್ಸಾದವರಿಗಿಲ್ಲ, ಅದಕ್ಕೇ ಪೆನ್‌ಡ್ರೈವ್ ಜೊತೆಗೆ ಕನ್ನಡದ ವಿವರಣೆ ಬರೆದ ಹಾಳೆಗಳೂ ಬರುತ್ತವೆ. ಯಾರಾದರೂ ಪರದೆಯ ಪಕ್ಕ ನಿಂತು ಓದಬೇಕು. "ಮೇಡಂ, ಜಂಗಮಕೋಟೆ ಹೈಸ್ಕೂಲಲ್ಲಿ ದಿನಾ ಮಕ್ಕಳಿಗೆ ಓದಿ ಹೇಳ್ತೀರ, ಇದನ್ನೂ ಒಂದು ಓದ್ಕೊಡಿ" ಎಂದು ಹಾಳೆಗಳನ್ನು ಕೈಗಿಟ್ಟ. ಬಲಕ್ಕೆ ವಾಲಿಕೊಂಡು, ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಓಡುವ ಅಕ್ಷರ. ಯಾರು ಬರೆದದ್ದು ಎಂದು ನಾನು ಕೇಳಲಿಲ್ಲ. ಅವನಿಗೂ ಗೊತ್ತಿಲ್ಲ, ನೀನು ಊರು ಬಿಟ್ಟ ಎಷ್ಟೋ ವರ್ಷದ ಮೇಲೆ ಇಲ್ಲಿಗೆ ಬಂದವನು. ಹಾಳೆಯ ಮೇಲಿದ್ದ ಬಳಗದ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ.

ನಿನ್ನೆ ಭಾನುವಾರ ಸಂಜೆ, ಡೇರಿಗೆ ಹಾಲು ಹಾಕಿದವರೆಲ್ಲ ಹಾಗೇ ಸಮುದಾಯ ಭವನಕ್ಕೆ ಬಂದು ಕೂತರು. ಬಸ್ಸಿನಲ್ಲಿ ಹಿಂದೆಯೇ ಕೂರಬೇಕು ಎಂದದ್ದಕ್ಕೆ ಒಂದು ಊರಿನ ಕಪ್ಪು ಜನರೆಲ್ಲ ಬಸ್ಸನ್ನೇ ಬಿಟ್ಟು, ಕೆಲಸಕ್ಕೆ ನಡೆದೇ ಹೋಗುವ ಕಥೆ. ನೀನು ಅಲ್ಲಲ್ಲಿ ಕೆಂಪು ಶಾಯಿಯಲ್ಲಿ 'ಇಲ್ಲಿ ಸ್ವಲ್ಪ ಸುಮ್ಮನಿರಿ' ಎಂದು ಬರೆದಿದ್ದೀಯಲ್ಲ, ಅಲ್ಲೆಲ್ಲ ಸುಮ್ಮನಿದ್ದೆ. ಆ ಅಡುಗೆ ಕೆಲಸದವಳ ಊದಿದ ಕಾಲು ತೋರಿಸಿದಾಗ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು.

ನಾನು ನಿನ್ನ ಜೊತೆ ಮಾತಾಡುವಂತಿಲ್ಲ. ನೀನು ಅಂಬರೀಶನನ್ನು ಮದುವೆಯಾದ ವಾರ ಅಪ್ಪ ನನ್ನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡು, "ಅವಳ ಹತ್ರ ಒಂದು ಮಾತೂ ಆಡಲ್ಲ ಅನ್ನು" ಎಂದರು. ಅಂದೆ. ತಲೆ ಮುಟ್ಟಿ ಇಟ್ಟ ಆಣೆ, ಮುರಿದರೆ ಅವರಿಗೇ ತಟ್ಟುತ್ತದೆ ಎಂಬ ಹೆದರಿಕೆ ನನಗೆ. ಆದರೆ ಕಾಗದ ಬರೆಯುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಈ ಉಪಾಯ ಹೊಳೆಯುವುದಕ್ಕೆ ನಿಮ್ಮಕ್ಕನಿಗೆ ಇಪ್ಪತ್ತು ವರ್ಷ ಬೇಕಾಯಿತು ನೋಡು.

ಉತ್ತರ ಕೊಡಬೇಕೆನಿಸಿದರೆ ಸ್ಕೂಲಿನ ವಿಳಾಸಕ್ಕೆ ಬರೆ. ಅನಿಸದಿದ್ದರೆ ಹಾಳೆಗಳನ್ನಾದರೂ ಕಳಿಸುತ್ತಿರು.

ಶೋಭ


ಚಿಂತಾಮಣಿ
6 ಆಗಸ್ಟ್ 2024

ಅಕ್ಕ,

ಹಾಳೆಗಳು ಮೇಲೂರಿಗೆ ಹೋಗುತ್ತವೆ ಎಂದು ಗೊತ್ತಿತ್ತು. ಓದುವವಳು ನೀನು ಎಂದು ಗೊತ್ತಿರಲಿಲ್ಲ. ನಿನ್ನ ಕಾಗದ ಬಂದು ಎರಡು ವಾರವಾಯಿತು. ಅಷ್ಟು ದಿನ ಸಿಟ್ಟಿನಲ್ಲಿದ್ದೆ, ಈಗಲೂ ಪೂರ್ತಿ ಇಳಿದಿಲ್ಲ.

ಅಮ್ಮ ತೀರಿಕೊಂಡ ದಿನ ನಾನೂ ಅಂಬರೀಶೂ ಡೇರಿ ಮುಂದಿನ ಹೊಂಗೆಮರದ ಕೆಳಗೆ ಕೂತಿದ್ದೆವು. ಮನೆಯ ಹತ್ತಿರ ಬರಬೇಡಿ ಎಂದು ಮೊದಲೇ ಹೇಳಿ ಕಳಿಸಿದ್ದರು. ನೀನು ಹೆಂಗಸರ ಜೊತೆ ಬೀದಿಯ ಮೂಲೆಯವರೆಗೆ ಬಂದೆ, ನನ್ನನ್ನು ನೋಡಿದೆ, ತಿರುಗಿ ಹೋದೆ. ಅದು ಆಣೆ ಎಂದು ಈಗ ಗೊತ್ತಾಯಿತು. ಆಗಲೇ ಗೊತ್ತಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ನೋಯುತ್ತಿತ್ತು ಬಿಡು.

ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಸಿನಿಮಾ ಆರಿಸುವುದು ಅಂಬರೀಶ್, ಬರೆಯುವುದು ನಾನು. ಮಕ್ಕಳಾಗಲಿಲ್ಲ. ಗೌರಿಹಬ್ಬಕ್ಕೆ ನಮ್ಮ ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಯಾರಾದರೂ ಬರುತ್ತಾರೆ. ಆ ದಿನ ನಾನು ಬೆಳಗ್ಗೆಯೇ ಅಂಗಡಿಗೆ ಹೋಗಿ ಕೂರುತ್ತೇನೆ. ಹಬ್ಬದ ದಿನ ಯಾರೂ ಜೆರಾಕ್ಸ್ ಮಾಡಿಸುವುದಿಲ್ಲ.

ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು ಎಂದು ಬರೆದು ನಿಲ್ಲಿಸಿದ್ದೀಯ. ಆಮೇಲೆ?

ಕವಿತ


ಮೇಲೂರು
10 ಸೆಪ್ಟೆಂಬರ್ 2024

ಕವಿತ,

ಆಮೇಲೆ ಏನೂ ಇಲ್ಲ, ಅದಕ್ಕೇ ಬರೆಯಲಿಲ್ಲ. ಸಿನಿಮಾ ಮುಗಿಯಿತು, ಅಪ್ಪ ಟವೆಲ್ ಕೊಡವಿಕೊಂಡು ಎದ್ದರು, ಇಬ್ಬರೂ ಮನೆಗೆ ಬಂದೆವು, ಮುದ್ದೆ ಉಂಡೆವು. ನಮ್ಮ ಮನೆಯಲ್ಲಿ ಮಾತು ಅಂದರೆ ಅಷ್ಟೇ. ಅವರು ರೇಷ್ಮೆ ಹುಳುವಿನ ಮನೆ, ಹಿಪ್ಪುನೇರಳೆ ಸೊಪ್ಪು ಎಂದು ಓಡಾಡುತ್ತಾರೆ, ನಾನು ಸ್ಕೂಲಿಗೆ ಹೋಗಿ ಬರುತ್ತೇನೆ. ಕೆಲವು ದಿನ "ನೀರು ಬಂತಾ" ಎಂಬುದೊಂದೇ ನಾವಿಬ್ಬರೂ ಆಡಿದ ಮಾತಾಗಿರುತ್ತದೆ.

ನಿನಗೆ ನಗು ಬರುವ ಒಂದು ಸಂಗತಿ. ದೊಡ್ಡಪ್ಪ ವೆಂಕಟರವಣಪ್ಪ ತಪ್ಪದೆ ಬರುತ್ತಾರೆ. ಮೊನ್ನೆಯದು ಆಫ್ರಿಕಾದ ಸಿನಿಮಾ ಅಲ್ಲವಾ, ತಮ್ಮ ಊರಿನಲ್ಲಿ ತಾವು ಓಡಾಡುವುದಕ್ಕೆ ಚೀಟಿ ತೋರಿಸಬೇಕಾದವರದು. ಆ ಮುದುಕನನ್ನು ಪೊಲೀಸರು ನಿಲ್ಲಿಸಿದಾಗ ದೊಡ್ಡಪ್ಪ ಅತ್ತೇಬಿಟ್ಟರು. "ಪಾಪಮು, ಎಂಥಾ ಕಲ್ಲು ಮನಸ್ಸಿನ ಜನ ಇದ್ದಾರಪ್ಪ ಆ ದೇಶದಾಗೆ" ಎಂದರು. ನಿನ್ನ ಮದುವೆಯಾದ ವಾರವೇ ಅಂಬರೀಶನ ತಂದೆಯನ್ನು ತೋಟದ ಕೂಲಿಯಿಂದ ಕಿತ್ತುಹಾಕಿದವರು ಇವರೇ. ನಗು ಬರಲಿಲ್ಲ ಅಂದರೆ ಬೇಡ, ನನಗೂ ಬರಲಿಲ್ಲ.

ಅಪ್ಪ ಮಾತ್ರ ಅಳುವುದಿಲ್ಲ. ಕುತ್ತಿಗೆ ಸ್ವಲ್ಪ ಓರೆ ಮಾಡಿ, ಪರದೆಯನ್ನು ಬಿಟ್ಟು ನನ್ನ ಕಡೆಯೇ ಕಿವಿ ಕೊಟ್ಟಿರುತ್ತಾರೆ.

ನಮ್ಮ ಯಜಮಾನರು ಮೋಹನ್‌ಬಾಬು ಹೋಗಿ ನಾಲ್ಕು ವರ್ಷವಾಯಿತು. ನಿನಗೆ ಸುದ್ದಿ ಗೊತ್ತಿರಬೇಕು. ಈಗಲೂ ಗೇಟಿನ ಸದ್ದಾದರೆ ಅಪ್ಪ ಕುರ್ಚಿಯಿಂದ ಅರ್ಧ ಏಳುತ್ತಾರೆ. ಮೋಹನ್‌ಬಾಬು ಬಂದರೆ ಅಪ್ಪ ಹೇಗೆ ಏಳುತ್ತಿದ್ದರು, ನೆನಪಿದೆಯಾ? ಉಣ್ಣುತ್ತಿದ್ದರೂ ಎಂಜಲು ಕೈಯಲ್ಲೇ ಎದ್ದು ನಿಲ್ಲುತ್ತಿದ್ದರು. "ಮಾವ, ಕೂತ್ಕೊಳ್ಳಿ" ಎಂದು ಇವರು ಬೇಡಿಕೊಂಡರೂ, ಅಳಿಯ ಕೂರುವ ತನಕ ಕೂರುತ್ತಿರಲಿಲ್ಲ. ಈಗ ಏಳುವುದಕ್ಕೆ ಯಾರೂ ಬರುವುದಿಲ್ಲ.

ನಿನ್ನ ಹಾಳೆ ಓದುವ ದಿನ ನನ್ನ ಬಾಯಿ ತುಂಬಾ ಮಾತಿರುತ್ತದೆ. ಮರುದಿನ ಮತ್ತೆ ಖಾಲಿ. ನನಗೆ ಬೇಜಾರಾಗುತ್ತದೆ ಕಣೇ.

ಶೋಭ


ಚಿಂತಾಮಣಿ
3 ಅಕ್ಟೋಬರ್ 2024

ಅಕ್ಕ,

ಮೋಹನ್ ಭಾವನ ಸುದ್ದಿ ಗೊತ್ತಾಗಿತ್ತು. ಬರಬೇಕೆಂದು ಹೊರಟು, ಶಿಡ್ಲಘಟ್ಟದಲ್ಲಿ ಬಸ್ಸಿಳಿದು ವಾಪಸ್ಸು ಬಂದೆ. ಮತ್ತೆ ಆ ಹೊಂಗೆಮರದ ಕೆಳಗೆ ಕೂರುವ ಶಕ್ತಿ ಇರಲಿಲ್ಲ.

ಅಪ್ಪ ಕಿವಿ ಕೊಟ್ಟಿರುತ್ತಾರೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಅಂಬರೀಶ್‌ಗೂ ಓದಿ ಹೇಳಿದೆ. ನಿನಗೆ ನೆನಪಿರಬೇಕು, ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ವಿಜಯಪುರದ ಟೆಂಟಿನಲ್ಲಿ ಸಿನಿಮಾ ನೋಡಿ ಬಂದರೆ ಅಪ್ಪ ಸೊಪ್ಪು ಕತ್ತರಿಸುತ್ತಾ, "ಬಾ, ಏನು ನೋಡ್ದೆ ಹೇಳು" ಎನ್ನುತ್ತಿದ್ದರು. ಅವರಿಗೆ ಹೋಗಲು ಹೊತ್ತಿರುತ್ತಿರಲಿಲ್ಲ. ನಾನು ಹೇಳಿದ್ದೇ ಅವರಿಗೆ ಸಿನಿಮಾ. ಹುಳುಗಳು ಸೊಪ್ಪು ಮೇಯುವ ಸದ್ದಿನಲ್ಲಿ ನಾನು ಪೂರ್ತಿ ಕಥೆ ಹೇಳುತ್ತಿದ್ದೆ, ಹಾಡೂ ಬಿಡದೆ. ಆಮೇಲೆ ಯಾರಿಗೂ ಅಷ್ಟು ಚೆನ್ನಾಗಿ ಕಥೆ ಹೇಳಿಲ್ಲ ನಾನು.

ಹಾಳೆ ಬರೆಯುವುದು ನಾನು ಎಂದು ಅಪ್ಪನಿಗೆ ಹೇಳಬೇಡ. ಗೊತ್ತಾದರೆ ಬರುವುದನ್ನೇ ನಿಲ್ಲಿಸುತ್ತಾರೆ. ತಿಂಗಳಿಗೊಂದು ಸಂಜೆ ಅಪ್ಪ ನನ್ನ ಮಾತು ಕೇಳುತ್ತಾರೆ, ನನಗೆ ಅಷ್ಟು ಸಾಕು.

ಸಾಕು ಎಂದು ಬರೆದುಬಿಟ್ಟೆ. ಸಾಲದು. ಒಂದು ಸಲ ಅವರು ನನ್ನನ್ನೂ ಅಂಬರೀಶನನ್ನೂ ಒಟ್ಟಿಗೆ ಕೂರಿಸಿಕೊಂಡು "ಏನು ನೋಡಿದ್ರಿ, ಹೇಳಿ" ಅನ್ನಬೇಕು. ನನಗೆ ಬೇಕಾದದ್ದು ಇಷ್ಟೇ, ಅದಕ್ಕಿಂತ ಕಡಿಮೆ ಬೇಡ.

ಕವಿತ


ಮೇಲೂರು
14 ನವೆಂಬರ್ 2024

ಕವಿತ,

ಅಪ್ಪನಿಗೆ ಗೊತ್ತು. ನಾನು ಹೇಳಲಿಲ್ಲ, ಅಮ್ಮನಾಣೆಗೂ ಹೇಳಲಿಲ್ಲ. ಮೊದಲ ಸಿನಿಮಾದಿಂದಲೇ ಗೊತ್ತಿತ್ತಂತೆ.

ಭಾನುವಾರ ಮನೆಗೆ ಬರುವಾಗ ದಾರಿಯಲ್ಲಿ, "ಉಣ್ಣೋ ವಿಚಾರ ಬಿಡಲ್ಲ ಅವಳು" ಎಂದರು. ಯಾರು ಎಂದೆ. "ಯಾವ ಸಿನಿಮಾ ಹೇಳಿದ್ರೂ ಮೊದಲು ತಟ್ಟೇಲಿ ಏನಿತ್ತು ಅಂತ ಹೇಳ್ತಾಳೆ. ಆವತ್ತಿಂದಲೂ ಹಂಗೇ." ನಾನು ಹಾಳೆ ತೆಗೆದು ನೋಡಿದೆ. ನಿಜ ಕಣೇ. ಜೋಳದ ರೊಟ್ಟಿಯಂಥದ್ದು, ಹುರುಳಿಯಂಥ ಕಾಳು, ಮೂಲೆಯಲ್ಲಿ ಸ್ವಲ್ಪ ಬೆಲ್ಲದ ಪಾಕ. ಜೈಲಿನ ದೃಶ್ಯದಲ್ಲೂ ಗಂಜಿ ನೀರಾಗಿತ್ತು ಎಂದು ಬರೆದಿದ್ದೀಯ. ಇಷ್ಟು ಸಲ ಓದಿದ ನನಗೇ ಹೊಳೆದಿರಲಿಲ್ಲ.

ಬಾಗಿಲು ತೆಗೆಯುವಾಗ ಅಪ್ಪ ಇನ್ನೊಂದು ಮಾತು ಹೇಳಿದರು. "ನೀನು ಓದೋದು ಸ್ಕೂಲ್ ಪಾಠ ಓದ್ದಂಗೆ ಇರ್ತೈತೆ. ಬರ್ದೋಳೇ ಬಂದು ಓದ್ಲಿ." ನನ್ನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. "ಭವನಕ್ಕಾ, ಮನೆಗಾ?" ಎಂದು ಕೇಳಿದೆ. "ಭವನಕ್ಕೆ. ಮನೆ ಮಾತು ಬೇರೆ." ಮತ್ತೆ ಚಪ್ಪಲಿ ಬಿಡುತ್ತಾ, "ಒಬ್ಳೇ ಬರ್ಲಿ" ಎಂದರು.

ಪೂರ್ತಿ ಬಾಗಿಲಲ್ಲದಿದ್ದರೂ ಕಿಟಕಿ ತೆರೆದಿದೆ. ಬಾ. ನಾನು ಮಾತಾಡದಿದ್ದರೂ ಪಕ್ಕದಲ್ಲಿ ನಿಂತಿರುತ್ತೇನೆ, ನೀನು ಓದು.

ಶೋಭ


ಚಿಂತಾಮಣಿ
20 ಡಿಸೆಂಬರ್ 2024

ಅಕ್ಕ,

ಕಿಟಕಿಯಿಂದ ಒಳಗೆ ಬರುವವರನ್ನು ಏನೆನ್ನುತ್ತಾರೆ ಎಂದು ನಿನಗೆ ಗೊತ್ತು.

ಒಂದು ತಿಂಗಳು ಒದ್ದಾಡಿದೆ. "ಹೋಗಿ ಬಾ, ನಾನು ಬಸ್‌ಸ್ಟಾಪಲ್ಲಿ ಇರ್ತೀನಿ" ಎಂದು ಅಂಬರೀಶ್ ಹೇಳಿದರು. ಅದನ್ನು ಅವರು ಅಷ್ಟು ಸುಲಭವಾಗಿ ಹೇಳಿದ್ದೇ ನನಗೆ ಸಂಕಟವಾಯಿತು. ಅವರು ನನ್ನನ್ನು ಮದುವೆಗೆ ಕೇಳಲು ನಮ್ಮ ಮನೆಗೆ ಬಂದ ದಿನ ನೀನು ಊರಲ್ಲಿರಲಿಲ್ಲ. ಪಡಸಾಲೆಯಲ್ಲಿ ಅಪ್ಪ ಮರದ ಕುರ್ಚಿಯಲ್ಲಿ ಕೂತಿದ್ದರು. ಅಂಬರೀಶ್ ಬಾಗಿಲಲ್ಲಿ ನಿಂತು "ನಮಸ್ಕಾರ" ಎಂದರು. ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ, ಎದ್ದು ಒಳಗೆ ಹೋದರು. ಬೈಯಲಿಲ್ಲ, ಹೊಡೆಯಲಿಲ್ಲ. ಆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂಬರೀಶ್ ತುಂಬಾ ಹೊತ್ತು ನಿಂತೇ ಇದ್ದರು.

ನಾನು ಬರುವುದಿಲ್ಲ. ನನ್ನ ಉತ್ತರ ಜನವರಿಯ ಹಾಳೆಯ ಕೊನೆಯಲ್ಲಿದೆ. ಚರ್ಚಿನಲ್ಲಿ ಪಿಯಾನೊ ನುಡಿಸುವ ಕಪ್ಪು ಹೆಂಗಸಿನ ಕಥೆ. ಬಿಳಿಯರ ಮದುವೆಗಳಿಗೆಲ್ಲ ಅವಳದೇ ಸಂಗೀತ. ಆದರೆ ಬರುವುದು, ಹೋಗುವುದು ಹಿಂದಿನ ಬಾಗಿಲಲ್ಲಿ. ಅವಳ ಗಂಡ ಹೊರಗೆ ಗಾಡಿಯಲ್ಲಿ ಕೂತು, ಪೊಟ್ಟಣದಲ್ಲಿ ತಂದ ತಣ್ಣನೆಯ ಊಟ ಮಾಡುತ್ತಾನೆ. ಒಂದು ದಿನ ಮದುವೆಯ ನಡುವೆಯೇ ಅವಳು ಪಿಯಾನೊ ಮುಚ್ಚಿ, ಮುಂದಿನ ಬಾಗಿಲಿಂದ ನಡೆದು ಹೊರಟುಹೋಗುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಆಮೇಲಿನ ನಾಲ್ಕು ಸಾಲು ನನ್ನವು.

ಓದುವುದು ಬಿಡುವುದು ನಿನಗೆ ಬಿಟ್ಟದ್ದು. ಓದದಿದ್ದರೆ ನನಗೆ ತಿಳಿಸಬೇಡ.

ಕವಿತ


ಮೇಲೂರು
27 ಜನವರಿ 2025

ಕವಿತ,

ಓದಿದೆ.

ಸಂಕ್ರಾಂತಿಯ ಹಿಂದಿನ ಭಾನುವಾರ, ಭವನ ತುಂಬಿತ್ತು. ಪಿಯಾನೊ ಮುಚ್ಚಿದ ಸದ್ದಾಯಿತು. ಅಲ್ಲಿ ನೀನು ಸುಮ್ಮನಿರಿ ಎಂದು ಬರೆದಿದ್ದೆ. ಸುಮ್ಮನಿದ್ದೆ. ಹಾಳೆ ಮಡಿಸಿಬಿಡೋಣ ಎಂದುಕೊಂಡೆ, ನಿಜ ಹೇಳುತ್ತೇನೆ. ಅಪ್ಪ ನನ್ನ ಕಡೆ ಕುತ್ತಿಗೆ ಓರೆ ಮಾಡಿಕೊಂಡೇ ಕೂತಿದ್ದರು, ಇನ್ನೂ ಇದೆ ಎಂದು ಗೊತ್ತಿದ್ದವರ ಹಾಗೆ. ಓದಿದೆ: 'ಇದನ್ನು ಬರೆದವಳದೂ ಒಂದು ಮಾತಿದೆ. ನನ್ನ ದನಿ ಕೇಳಬೇಕು ಎಂದು ಒಬ್ಬರು ಕರೆದಿದ್ದಾರೆ. ನಾನು ಬರುತ್ತೇನೆ. ನನ್ನ ಗಂಡನಿಗೂ ಒಂದು ಕುರ್ಚಿ ಹಾಕಿದ ದಿನ ಬರುತ್ತೇನೆ.'

ಮುರಳಿ ದೀಪ ಹಾಕಿದ. ದೊಡ್ಡಪ್ಪ "ಯಾರಂತೆ ಬರ್ದೋರು?" ಎಂದು ಕೇಳುತ್ತಿದ್ದರು. ಅಪ್ಪ ಯಾರ ಮುಖವನ್ನೂ ನೋಡದೆ ಎದ್ದು ಹೋದರು. ನಾನು ಮನೆಗೆ ಬಂದಾಗ ಹುಳುವಿನ ಮನೆಯಲ್ಲಿದ್ದರು. ಹಬ್ಬದಲ್ಲೂ ಮಾತಿಲ್ಲ. ಎಳ್ಳುಬೆಲ್ಲ ಕೊಟ್ಟೆ, ತಗೊಂಡರು, ಅಷ್ಟೇ. ಇದ್ದ ಒಂದು ಕಿಟಕಿಯನ್ನೂ ನನ್ನ ಕೈಯಾರೆ ಮುಚ್ಚಿದೆ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ.

ನಿನ್ನೆ ಬೆಳಗ್ಗೆ ಕರೆದರು. "ಕೈ ಕೊಡು" ಎಂದು ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡರು. ಇನ್ನೇನು ಆಣೆ ಹಾಕಿಸುತ್ತಾರೋ ಎಂದುಕೊಂಡೆ. "ಈಗ ತಗಿ" ಎಂದರು. ತೆಗೆದೆ. "ಹೋಯ್ತು ಆಣೆ. ಅವಳ ಹತ್ರ ಮಾತಾಡ್ಕೊ. ನನ್ ಕೈಲಿ ಆಗಲ್ಲ, ನಾನು ಏನಂತ ಶುರು ಮಾಡ್ಲಿ?"

ಮಧ್ಯಾಹ್ನ ಅವರೇ ಮತ್ತೆ ಬಂದು, ಗೋಡೆ ನೋಡುತ್ತಾ ಕೇಳಿದರು: "ಫೋನ್‌ನಲ್ಲಿ ಮಾತಾಡಿದ್ರೆ ಪಕ್ಕದಲ್ಲಿ ಇರೋರ್ಗೂ ಕೇಳ್ಸೋ ಹಂಗೆ ಮಾಡ್ಬೌದಂತಲ್ಲ?"

ನನ್ನ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿನ್ನದು ಕಳಿಸು. ಮಾತಾಡಿ ಎಷ್ಟು ಕಾಲವಾಯಿತು, ನಿನ್ನ ದನಿ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ.

ಶೋಭ


ಚಿಂತಾಮಣಿ
3 ಫೆಬ್ರವರಿ 2025

ಅಕ್ಕ,

ಭಾನುವಾರ ಬೆಳಗ್ಗೆ ಹತ್ತಕ್ಕೆ ಮಾಡು. ಕೆಳಗಿರುವುದು ಅಂಬರೀಶರ ನಂಬರ್. ಬೇಕೆಂದೇ ಅದನ್ನು ಕೊಡುತ್ತಿದ್ದೇನೆ. ಫೋನ್ ಎತ್ತುವುದು ಅವರು, ಮೊದಲು ನಮಸ್ಕಾರ ಹೇಳುವುದೂ ಅವರೇ. ಅಪ್ಪ ಅದನ್ನು ಕೇಳಿಸಿಕೊಂಡು ಕೂತಲ್ಲೇ ಕೂತಿದ್ದರೆ, ಆಮೇಲೆ ನಾನು.

ಎದ್ದು ಹೋದರೆ ನನಗೆ ಗೊತ್ತಾಗುತ್ತದೆ. ನೀನು ಸಮಾಧಾನ ಹೇಳಬೇಕಾಗಿಲ್ಲ.



ಕವಿತ


ಮೇಲೂರು
9 ಫೆಬ್ರವರಿ 2025, ಭಾನುವಾರ ಮಧ್ಯಾಹ್ನ

ಕವಿತ,

ಫೋನ್ ಕಟ್ ಮಾಡಿದವಳು ಸ್ವಿಚ್ ಆಫ್ ಯಾಕೆ ಮಾಡಿಕೊಂಡೆ? ಬೆಳಗ್ಗೆಯಿಂದ ಮಾಡಿ ಮಾಡಿ ಸಾಕಾಗಿ, ಮತ್ತೆ ಹಳೆಯ ದಾರಿಗೇ ಬಂದಿದ್ದೇನೆ. ಮುರಳಿ ಚಿಂತಾಮಣಿಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ. ನಿಂತ ಕಾಲಲ್ಲೇ ಓದು.

ಅಪ್ಪ ಬೆಳಗ್ಗೆಯೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಪಡಸಾಲೆಯ ಆ ಮರದ ಕುರ್ಚಿಯಲ್ಲಿ ಕೂತರು. ಎದುರಿಗೆ ಸ್ಟೂಲಿನ ಮೇಲೆ ಫೋನ್ ಇಟ್ಟೆ. ಅಂಬರೀಶ್ ಅವರ ದನಿ ಬಂತು: "ನಮಸ್ಕಾರ, ನಾನು ಅಂಬರೀಶ್ ಮಾತಾಡ್ತಿರೋದು." ಕುರ್ಚಿಯ ಸದ್ದಾಯಿತು. ನೀನು ಕೇಳಿಸಿಕೊಂಡದ್ದು ಅದನ್ನೇ. ಅಂಬರೀಶ್ "ಹಲೋ, ಹಲೋ" ಎಂದರು, ಈ ಕಡೆಯಿಂದ ಉಸಿರಿಲ್ಲ. ನಾನು ಅಪ್ಪನನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ನೀನು ಕಟ್ ಮಾಡಿದೆ. ಹಾಳೆಯ ತುಂಬಾ ಊರಿನವರಿಗೆಲ್ಲ 'ಇಲ್ಲಿ ಸ್ವಲ್ಪ ಸುಮ್ಮನಿರಿ' ಎಂದು ಬರೆಯುವವಳು, ನೀನೂ ಸ್ವಲ್ಪ ಸುಮ್ಮನಿರಬೇಕಿತ್ತು.

ಅಪ್ಪ ಒಳಗೆ ಹೋಗಲಿಲ್ಲ ಕಣೇ. ಎದ್ದು ನಿಂತರು. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ಸ್ಟೂಲಿನ ಮುಂದೆ ನೆಟ್ಟಗೆ ನಿಂತುಬಿಟ್ಟರು, ಮೋಹನ್‌ಬಾಬು ಬಂದಾಗ ನಿಲ್ಲುತ್ತಿದ್ದ ಹಾಗೆಯೇ. ಹಾಗೆ ನಿಲ್ಲುತ್ತಾರೆ ಎಂದು ನಾನು ಎಣಿಸಿರಲಿಲ್ಲ, ನೀನೂ ಎಣಿಸಿರಲಿಲ್ಲ. ಬಹುಶಃ ಅವರಿಗೂ ಮೊದಲು ಗೊತ್ತಿರಲಿಲ್ಲ.

ಫೋನ್ ನಿಂತ ಮೇಲೆ ನನ್ನ ಕಡೆ ತಿರುಗಿ, "ಇಟ್ಬಿಟ್ರಾ ಅವರು?" ಎಂದು ಕೇಳಿದರು. ಅವರು ಎಂದರು, ಕವಿತ. ಆಮೇಲೆ ತಪ್ಪು ಮಾಡಿದ ಮುಖದಲ್ಲಿ, "ಕೂತ್ಕೊಳ್ಳಿ ಅಂತ ನಾನು ಅನ್ಲೇ ಇಲ್ಲ. ಫೋನಾಗೆ ಅದು ಹೆಂಗೆ ಅನ್ನೋದು?" ಎಂದರು.

ಈಗ ಪಡಸಾಲೆಯಲ್ಲಿ ಎರಡು ಕುರ್ಚಿ ಹೆಚ್ಚಿಗೆ ಇವೆ. ನಾನು ಹಾಕಿದ್ದಲ್ಲ. ಊಟಕ್ಕೆ ಕರೆದರೂ ಬರದೆ, ಫೋನ್ ಪಕ್ಕದಲ್ಲೇ ಓಡಾಡುತ್ತಿದ್ದಾರೆ. ಕೂರಿ ಎಂದರೆ ಕೇಳುತ್ತಿಲ್ಲ.

ಫೋನ್ ಆನ್ ಮಾಡು. ಅಂಬರೀಶ್ ಅವರೇ ಎತ್ತಲಿ, ಮೊದಲು 'ನಾನು ಕೂತಿದ್ದೇನೆ' ಎಂದು ಹೇಳಲಿ. ಅಪ್ಪನಿಗೆ ಮಂಡಿ ನೋವಿದೆ, ಅವರು ಕೂರುವ ತನಕ ಇವರು ಕೂರುವುದಿಲ್ಲ.

ಇಂತಿ ನಿನ್ನ ಅಕ್ಕ,
ಶೋಭ